ಆಶುಹಾಸ್ಯವೂ ಅದರ ಅಭ್ಯಾಸವೂ

ತೆನ್ನಾಲಿ ರಾಮಕೃಷ್ಣನಿಗೆ ಕಾಳಿಕಾದೇವಿ ಒಲಿದ ಕಥೆಯನ್ನು ಕೇಳದ ಮಕ್ಕಳು ಬಳ್ಳಾರಿ ಸೀಮೆಯಲ್ಲಿ ವಿರಳ. ಹಂಪೆಗೆ ಸಮೀಪವಾದ ಈ ನಾಡಿನಲ್ಲಿ ಆ ವಿಕಟಕವಿಯ ಪ್ರಸಂಗಗಳು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಸಮನಾಗಿ ಸಂಚರಿಸುತ್ತ ಬಂದಿವೆ. ಸಹಸ್ರಮುಖಗಳಿಂದ ದೇವಿ ಪ್ರತ್ಯಕ್ಷಳಾದಾಗ ಹುಡುಗನು ಹೆದರದೆ ನಕ್ಕನಂತೆ. ಕಾರಣವನ್ನು ಕೇಳಲಾಗಿ, ಒಂದು ಮೂಗಿಗೆ ನೆಗಡಿ ಬಂದರೆ ಎರಡು ಕೈ ಸಾಲದು, ಸಾವಿರ ಮೂಗಿಗೆ ಬಂದರೆ ತಾಯಿಯ ಗತಿ ಏನು ಎಂದನಂತೆ. ದೇವಿ ಮೆಚ್ಚಿ, ವಿಕಟಕವಿಯಾಗೆಂದು ಹರಸಿದಳು. ಈ ಕಥೆಯನ್ನು ಮುಂದಿಟ್ಟುಕೊಂಡು ಜನರು ಸಾಮಾನ್ಯವಾಗಿ ಹೇಳುವುದೇನೆಂದರೆ, ಸಮಯಕ್ಕೆ ಒದಗುವ ಹಾಸ್ಯವು ದೈವದತ್ತವಾದುದು, ಕಲಿತು ಬರುವಂಥದಲ್ಲ ಎಂದು. ಕಥೆಯ ಅನುಕ್ರಮವನ್ನು ತುಸು ಎಚ್ಚರದಿಂದ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ವಿನೋದವು ವರಕ್ಕೆ ಮೊದಲೇ ಇತ್ತು. ದೇವಿ ಕೊಟ್ಟದ್ದು ಬಿರುದು, ಮಾತು ಹುಡುಗನದೇ.

ಆ ಮಾತು ಹುಟ್ಟಿದ ಬಗೆಯನ್ನೂ ಗಮನಿಸಬೇಕು. ಸಾವಿರ ಮುಖ ಎಲ್ಲಿಯಾದರೂ ಉಂಟೇ ಎಂದು ಅವನು ಸಂಶಯಪಡಲಿಲ್ಲ. ಉಂಟೆಂದು ಒಪ್ಪಿದನು, ಒಪ್ಪಿದ ಮೇಲೆ ಅದರಿಂದ ಏನೇನು ಬರುತ್ತದೆಂದು ಲೆಕ್ಕ ಹಾಕಿದನು. ಮುಂದಿರುವುದನ್ನು ಒಪ್ಪಿಕೊಂಡು ಅದರ ಫಲವನ್ನು ಕೊನೆಯವರೆಗೆ ಬೆಳೆಸುವ ಈ ಕ್ರಮವು ಆಶುಹಾಸ್ಯದ ಬೀಜಸೂತ್ರ. ಸೂತ್ರವೆಂದ ಮೇಲೆ ಅದಕ್ಕೆ ಅಭ್ಯಾಸವೂ ಇರಲೇಬೇಕಷ್ಟೆ.

ಈ ವಿಚಾರವು ಇಂದು ಚರ್ಚೆಗೆ ಬರುವುದಕ್ಕೆ ಸಕಾರಣವುಂಟು. ಹಾಸ್ಯಸಂಜೆ, ನಗೆಹಬ್ಬ ಮುಂತಾದ ಹೆಸರುಗಳಿಂದ ಒಬ್ಬನೇ ವ್ಯಕ್ತಿ ಧ್ವನಿವರ್ಧಕದ ಮುಂದೆ ನಿಂತು ಒಂದೆರಡು ಗಂಟೆ ಜನರನ್ನು ನಗಿಸುವ ಕಲೆ ಕರ್ನಾಟಕದಲ್ಲಿ ಬಲವಾಗಿ ಬೇರೂರಿದೆ. ಪಟ್ಟಣಗಳಲ್ಲಿ ಇದರ ಕಿರಿಯ ರೂಪಕ್ಕೆ ಸ್ಟ್ಯಾಂಡ್ ಅಪ್ ಕಾಮಿಡಿ ಎಂಬ ಹೆಸರೇ ರೂಢಿಯಾಗಿದೆ. ಬಳ್ಳಾರಿ ನಗರದ ಸಭಾಭವನಗಳಲ್ಲಿ, ಸಿರುಗುಪ್ಪ ಕುರುಗೋಡುಗಳ ಜಾತ್ರೆ ಉತ್ಸವಗಳಲ್ಲಿ, ಶಾಲಾ ಕಾಲೇಜುಗಳ ಸ್ನೇಹಸಮ್ಮೇಳನಗಳಲ್ಲಿ ವೇದಿಕೆಯನ್ನೇರಿ ನಗಿಸಬೇಕೆಂಬ ಹಂಬಲವುಳ್ಳ ತರುಣರಿಗೆ ಕೊರತೆಯಿಲ್ಲ. ಆದರೆ ಅವರಲ್ಲಿ ಬಹುಮಂದಿಯ ಸಿದ್ಧತೆಯೆಂದರೆ ಪ್ರಸಿದ್ಧರ ಧ್ವನಿಮುದ್ರಿಕೆಯನ್ನು ಮೊಬೈಲಿನಲ್ಲಿ ಹತ್ತು ಸಲ ಕೇಳಿ ಒಪ್ಪಿಸುವುದು. ಧ್ವನಿವರ್ಧಕವು ಕೆಟ್ಟರೆ, ಮುಂದಿನ ಸಾಲಿನಲ್ಲಿ ಮಗು ಅತ್ತರೆ, ಹಿಂದಿನ ಸಾಲಿನಿಂದ ಯಾರಾದರೂ ಕೂಗಿದರೆ ಆ ಸಿದ್ಧತೆ ಅಲ್ಲಿಗೆ ಮುಗಿಯಿತು. ದಿಕ್ಕುಗಾಣದ ನಾಲಗೆ ಆಗ ಹಿಡಿಯುವ ದಾರಿ ಒಂದೇ: ಕೂಗಿದವನ ಬಣ್ಣ, ಮೈಕಟ್ಟು, ಹೆಂಡತಿ ಅಥವಾ ಜಾತಿಯ ಮೇಲೆ ಬೀಳುವುದು. ಸಭೆ ನಕ್ಕೀತು, ಆದರೆ ಊರಿನ ನಡುವೆ ಒಬ್ಬನ ಮುಖ ಕಪ್ಪಿಟ್ಟಿರುತ್ತದೆ. ಅಭ್ಯಾಸದ ಅಭಾವವು ಕಲೆಗಷ್ಟೇ ಅಲ್ಲ, ಕುಳಿತು ಕೇಳುವ ಮನುಷ್ಯನಿಗೂ ಹಾನಿಯಾಗುವುದು ಹೀಗೆ.

ಪ್ರತಿಭೆ ಹುಟ್ಟಿನಿಂದಲೇ ಬರುವುದೋ ಸಾಧನೆಯಿಂದ ಬರುವುದೋ ಎಂಬ ಪ್ರಶ್ನೆ ನಮ್ಮ ಲಾಕ್ಷಣಿಕರಿಗೆ ಹೊಸದಲ್ಲ. ಕಾವ್ಯಪ್ರಕಾಶಕಾರನಾದ ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಈ ಮೂರೂ ಕೂಡಿ ಒಂದೇ ಕಾರಣವೆಂದನು. ದಂಡಿಯು ಕಾವ್ಯಾದರ್ಶದಲ್ಲಿ ಇನ್ನೂ ಉದಾರಿ. ಪೂರ್ವವಾಸನೆಯಿಂದ ಬರುವ ಅದ್ಭುತ ಪ್ರತಿಭೆ ಇಲ್ಲದಿದ್ದರೂ ಶಾಸ್ತ್ರಪರಿಚಯದಿಂದಲೂ ಪ್ರಯತ್ನದಿಂದಲೂ ಉಪಾಸಿಸಿದವನಿಗೆ ವಾಗ್ದೇವಿ ಏನಾದರೂ ಅನುಗ್ರಹ ಮಾಡಿಯೇ ಮಾಡುತ್ತಾಳೆಂದು ಅವನು ಭರವಸೆ ಕೊಡುತ್ತಾನೆ. ಕಾವ್ಯಕ್ಕೆ ಸಲ್ಲುವ ಈ ಮಾತು ವಿನೋದಕ್ಕೆ ಸಲ್ಲದೆಂದು ಹೇಳುವುದಕ್ಕೆ ಆಧಾರವಿಲ್ಲ.

ಆಶುಹಾಸ್ಯದ ಪಟ್ಟುಗಳನ್ನು ಹೆಸರಿಟ್ಟು ವಿಂಗಡಿಸಿದ ಕೀರ್ತಿ ಕೂಡ ನಮ್ಮ ನಾಟ್ಯಶಾಸ್ತ್ರಕ್ಕೇ ಸಲ್ಲಬೇಕು. ಇದನ್ನು ಬಲ್ಲವರು ಈಗ ಕಡಮೆ. ದಶರೂಪಕಗಳಲ್ಲಿ ‘ವೀಥಿ’ ಎಂಬುದೊಂದು. ಒಬ್ಬರೋ ಇಬ್ಬರೋ ಪಾತ್ರಧಾರಿಗಳು ಮಾತಿನ ಚಮತ್ಕಾರದಿಂದಲೇ ನಡೆಸುವ ಏಕಾಂಕ ಅದು. ಭರತನು ಅದಕ್ಕೆ ಹದಿಮೂರು ಅಂಗಗಳನ್ನು ಹೇಳಿದ್ದಾನೆ. ಹತ್ತನೆಯ ಶತಮಾನದ ಧನಂಜಯನು ದಶರೂಪಕದಲ್ಲಿ ಅವುಗಳ ಲಕ್ಷಣವನ್ನು ಮತ್ತಷ್ಟು ಬಿಗಿಗೊಳಿಸಿದ್ದಾನೆ. ಹದಿಮೂರನ್ನೂ ಇಲ್ಲಿ ವಿವರಿಸುವುದು ಅನಾವಶ್ಯಕ. ವೇದಿಕೆಯ ಮೇಲೆ ನಿಂತವನಿಗೆ ಕೂಡಲೇ ಉಪಯೋಗಕ್ಕೆ ಬರುವ ಕೆಲವನ್ನು ಮಾತ್ರ ನೋಡಬಹುದು.

‘ಅವಸ್ಯಂದಿತ’ವೆಂದರೆ ಒಬ್ಬನು ಒಂದು ಭಾವದಲ್ಲಿ ಆಡಿಬಿಟ್ಟ ಮಾತಿಗೆ ಬೇರೆ ಅರ್ಥವನ್ನು ಹಚ್ಚುವುದು. ಬಳ್ಳಾರಿ ಸೀಮೆಯಂಥ ಗಡಿನಾಡಿನಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಬೀದಿಬೀದಿಯಲ್ಲಿ ಬಿದ್ದಿದೆ. ಇಲ್ಲಿನ ಆಡುನುಡಿಯಲ್ಲಿ ಹಕಾರವು ಜಾರಿ ‘ಹಾಕು’ ಎಂಬುದು ‘ಆಕು’ ಆಗುವುದುಂಟು. ತೆಲುಗಿನಲ್ಲಿ ‘ಆಕು’ ಎಂದರೆ ಎಲೆ. ಊಟಕ್ಕೆ ಕುಳಿತ ರಾಜನು ‘ಆಕು, ಇನ್ನೂ ಆಕು’ ಎಂದು ಗದರಿದರೆ ಬಡಿಸುವವನು ಅನ್ನವನ್ನು ಬಿಟ್ಟು ಒಂದರ ಮೇಲೊಂದು ಎಲೆಯನ್ನು ತಂದು ಹಾಸುತ್ತ ಹೋಗಬಹುದು. ದಕ್ಷಿಣದವನು ‘ತಿಂಡಿ ಆಯಿತೇ’ ಎಂದು ಉಪಚಾರಕ್ಕೆ ಕೇಳಿದರೆ, ತಿಂಡಿಯೆಂದರೆ ತುರಿಕೆ ಎಂದೇ ತಿಳಿದ ಉತ್ತರದವನು ಮೈ ಕೆರೆದುಕೊಂಡು ಉತ್ತರ ಕೊಡಬಹುದು. ಎರಡು ಮೂರು ಭಾಷೆಗಳ ನಡುವೆ ಬೆಳೆಯುವ ಸಿರುಗುಪ್ಪದ ಹುಡುಗನಿಗೆ ಮೈಸೂರಿನ ಹುಡುಗನಿಗಿಲ್ಲದ ಒಂದು ಆಸ್ತಿ ಇದು. ತನ್ನ ಮಾತು ಅಶುದ್ಧವೆಂದು ನಾಚಿ ಅವನು ಅದನ್ನು ಶಾಲೆಯ ಬಾಗಿಲಲ್ಲಿಯೇ ಬಿಟ್ಟುಬರುವುದು ಶೋಚನೀಯ. ಹೀಗೆ ಬಿಟ್ಟುಬರುವಂತೆ ಮಾಡಿದವರಲ್ಲಿ ಕನ್ನಡದ ಅಧ್ಯಾಪಕರ ಪಾಲು ಸಣ್ಣದಲ್ಲ.

‘ಗಂಡ’ವೆಂಬುದು ಇನ್ನೊಂದು. ನಡೆಯುತ್ತಿರುವ ಮಾತಿಗೆ ಅಕಸ್ಮಾತ್ತಾಗಿ ಬೇರೊಂದು ಮಾತು ಬಂದು ತಗುಲಿ, ಎರಡೂ ಕೂಡಿ ಹೊಸ ಅರ್ಥ ಹೊರಡುವುದು ಅದರ ಲಕ್ಷಣ. ಇದಕ್ಕೆ ಕೊಡುವ ಪ್ರಸಿದ್ಧ ಉದಾಹರಣೆ ಉತ್ತರರಾಮಚರಿತದ್ದು. ಸೀತೆಯ ವಿರಹವೊಂದೇ ತನಗೆ ಸಹಿಸಲಾಗದುದೆಂದು ರಾಮನು ಹೇಳುತ್ತಿರುವಷ್ಟರಲ್ಲಿ ದ್ವಾರಪಾಲಿಕೆ ಬಂದು, ‘ಬಂದಿದೆ’ ಎನ್ನುವಂತೆ ಕೇಳಿಸುವ ಒಂದು ಶಬ್ದವನ್ನು ನುಡಿಯುತ್ತಾಳೆ. ಅವಳು ಹೇಳಹೊರಟದ್ದು ಗೂಢಚಾರನಾದ ದುರ್ಮುಖನು ಬಂದ ಸುದ್ದಿ. ಅಲ್ಲಿ ಅದು ಕರುಣಕ್ಕೆ ಪೋಷಕವಾಯಿತು. ಉಪಕರಣವು ಮಾತ್ರ ರಸನಿರಪೇಕ್ಷವಾದುದು. ಅದರಿಂದಲೇ ಹಾಸ್ಯವನ್ನೂ ಸಾಧಿಸಬಹುದು. ಭಾಷಣಕಾರನು ದೇಶದ ಭವಿಷ್ಯದ ವಿಷಯ ಹೇಳುತ್ತಿರುವಾಗ ದೀಪ ಆರಿಹೋದರೆ, ಹೊರಗೆ ಕತ್ತೆ ಕೂಗಿದರೆ, ಆ ಘಟನೆಯನ್ನು ತನ್ನ ವಾಕ್ಯದ ಕೊನೆಯ ಪದವಾಗಿ ಸ್ವೀಕರಿಸಬಲ್ಲವನು ಗಂಡಪ್ರಯೋಗದಲ್ಲಿ ನಿಪುಣನು. ಅಡ್ಡಿಯನ್ನು ಅಡ್ಡಿಯೆಂದೇ ಬಗೆದವನು ಅಲ್ಲಿ ಸೋತನು.

ಎರಡು ಮೂರು ಸಲ ಉತ್ತರ ಪ್ರತ್ಯುತ್ತರಗಳಿಂದ ನಗೆ ಏರುವ ‘ವಾಕ್ಕೇಳಿ’, ಸ್ಪರ್ಧೆಯಿಂದ ಒಬ್ಬರ ಮಾತನ್ನೊಬ್ಬರು ಮೀರಿಸುವ ‘ಅಧಿಬಲ’, ಒಬ್ಬರನ್ನೊಬ್ಬರು ಸುಳ್ಳುಸುಳ್ಳೇ ಹೊಗಳಿಕೊಳ್ಳುವ ‘ಪ್ರಪಂಚ’, ದೋಷವನ್ನು ಗುಣವೆಂದೂ ಗುಣವನ್ನು ದೋಷವೆಂದೂ ಸಾಧಿಸುವ ‘ಮೃದವ’, ನಗೆಯನ್ನು ಒಳಗಿಟ್ಟುಕೊಂಡ ಒಗಟಾದ ‘ನಾಲಿಕಾ’ ಇವೆಲ್ಲ ಹೆಸರಿನಿಂದಲೇ ಬಹುಮಟ್ಟಿಗೆ ತಿಳಿಯುತ್ತವೆ. ಪ್ರಪಂಚವನ್ನು ನೋಡಬೇಕೆಂದರೆ ಯಾವುದಾದರೂ ಸನ್ಮಾನಸಮಾರಂಭಕ್ಕೆ ಹೋದರೆ ಸಾಕು.

ಶಾಸ್ತ್ರವು ಹೀಗಿರಲಿ. ಇದೇ ವಿದ್ಯೆಯು ಶಾಸ್ತ್ರದ ಹೆಸರನ್ನೇ ಕೇಳದವರಲ್ಲಿ ಪೂರ್ಣವಾಗಿ ಬೆಳೆದುದಕ್ಕೆ ಈ ಭಾಗದ ದೊಡ್ಡಾಟವು ಸಾಕ್ಷಿ. ಕರಾವಳಿಯ ಯಕ್ಷಗಾನ ತಾಳಮದ್ದಳೆಗಳಲ್ಲಿ ಪದ್ಯ ಮಾತ್ರ ಸಿದ್ಧವಾಗಿದ್ದು ಅರ್ಥವನ್ನು ಎಲ್ಲ ಪಾತ್ರಧಾರಿಗಳೂ ಆಶುವಾಗಿಯೇ ಹೇಳುತ್ತಾರೆ. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು ಈ ಅರ್ಥಗಾರಿಕೆಯಲ್ಲಿ ಪಡೆದ ಕೀರ್ತಿ ಸರ್ವವಿದಿತ. ಬಯಲುಸೀಮೆಯ ದೊಡ್ಡಾಟದ ಕ್ರಮ ಬೇರೆ. ಇಲ್ಲಿ ಕೈಬರಹದ ಪ್ರತಿ ಉಂಟು; ರಾವಣನಾಗಲಿ ಅರ್ಜುನನಾಗಲಿ ಪ್ರತಿಯಲ್ಲಿದ್ದ ಸಂಸ್ಕೃತಭೂಯಿಷ್ಠವಾದ ಮಾತನ್ನು ಅಕ್ಷರ ತಪ್ಪದೆ ಗುಡುಗಬೇಕು. ಇಷ್ಟೊಂದು ಕಟ್ಟುಪಾಡಿನ ನಡುವೆ ಬಹುಮಟ್ಟಿಗೆ ಸ್ವತಂತ್ರನಾದವನು ಒಬ್ಬನೇ, ಅವನು ಸಾರಥಿ.

ಪಾತ್ರವು ಮೊದಲ ಬಾರಿಗೆ ರಂಗವನ್ನು ಹೊಕ್ಕಾಗ ಹೆಸರೇನು, ಊರಾವುದು, ಬಂದ ಕಾರಣವೇನೆಂದು ಕೇಳಿ ಸಭೆಗೆ ಪರಿಚಯ ಮಾಡಿಸುವವನು ಸಾರಥಿ. ರಾಜನು ಗ್ರಾಂಥಿಕದಲ್ಲಿ ನುಡಿದರೆ ಸಾರಥಿ ಊರಿನ ಮಾತಿನಲ್ಲಿ ಕೇಳುತ್ತಾನೆ. ಈ ಎರಡು ಕನ್ನಡಗಳ ಘರ್ಷಣೆಯಿಂದಲೇ ಅರ್ಧ ಹಾಸ್ಯ ಹುಟ್ಟುತ್ತದೆ. ಪೂರ್ವರಂಗದ ‘ತ್ರಿಗತ’ದಲ್ಲಿ ಸೂತ್ರಧಾರ ಪಾರಿಪಾರ್ಶ್ವಿಕರ ನಡುವೆ ವಿದೂಷಕನು ನುಗ್ಗಿ ಅಸಂಬದ್ಧವಾಗಿ ಮಾತಾಡಿ ನಗಿಸಬೇಕೆಂದು ಭರತನು ವಿಧಿಸಿದ್ದನ್ನು ಓದಿದವರಿಗೆ ಸಾರಥಿಯು ಪರಕೀಯನೆನಿಸಲಾರನು. ಓದುಬರಹದ ಹಂಗಿಲ್ಲದೆಯೇ ಕಾವ್ಯಪ್ರಯೋಗದಲ್ಲಿ ನುರಿತವರೆಂದು ಕವಿರಾಜಮಾರ್ಗವು ಈ ನಾಡಿನವರನ್ನು ಹೊಗಳಿದ್ದು ಸಾರಥಿಯಂಥವರನ್ನು ಕಂಡೇ ಇರಬಹುದು.

ಸಾರಥಿಗಳಲ್ಲಿ ಎರಡು ಜಾತಿ. ದಶಕಂಠನು ನಾನೆಂದು ಪಾತ್ರವು ಗರ್ಜಿಸಿದಾಗ, ‘ನೀನು ಯಾತರ ರಾವಣ, ನಮ್ಮೂರ ಗೌಡರ ಮಗ ಅಲ್ಲವೇನು’ ಎನ್ನುವವನು ಒಂದು ಜಾತಿ. ಜನರು ಒಮ್ಮೆ ಗೊಳ್ಳೆಂದು ನಗುತ್ತಾರೆ, ನಿಜ. ಆದರೆ ಬಣ್ಣ, ಕಿರೀಟ, ತಾಸುಗಟ್ಟಲೆಯ ಶ್ರಮ ಎಲ್ಲವೂ ಆ ಒಂದು ಮಾತಿಗೆ ಕುಸಿಯುತ್ತವೆ. ಮುಂದಿನ ಮಾತಿಗೆ ನೆಲೆಯೇ ಉಳಿಯುವುದಿಲ್ಲ. ಇನ್ನೊಂದು ಜಾತಿಯ ಸಾರಥಿ ಹತ್ತು ತಲೆಯನ್ನು ಕೈಮುಗಿದು ಒಪ್ಪುತ್ತಾನೆ. ಒಪ್ಪಿ, ಕ್ಷೌರಕ್ಕೆ ಎಷ್ಟು ಕೊಡುತ್ತೀರಿ, ಒಂದು ತಲೆ ಮಲಗಿದಾಗ ಮತ್ತೊಂದು ಗೊರಕೆ ಹೊಡೆದರೆ ಏನು ಗತಿ, ಮಂಡೋದರಿಯಮ್ಮನವರು ಯಾವ ಕಿವಿಯಲ್ಲಿ ಮನೆಯ ತಾಪತ್ರಯ ಹೇಳುತ್ತಾರೆ ಎಂದು ವಿಚಾರಿಸುತ್ತಾನೆ. ಕೇಳಿದಷ್ಟೂ ರಾವಣನು ಇನ್ನೂ ರಾವಣನೇ ಆಗುತ್ತಾನೆ. ತೆನ್ನಾಲಿಯ ಹುಡುಗನು ದೇವಿಯ ಮುಂದೆ ಮಾಡಿದ್ದೂ ಇದನ್ನೇ.

ದೂರದ ಅಮೆರಿಕದಲ್ಲಿ ಇದೇ ತತ್ತ್ವವು ಬೇರೆ ದಾರಿಯಿಂದ ಬಂದು ಒಂದು ಶಿಕ್ಷಣಪದ್ಧತಿಯೇ ಆಯಿತು. ಷಿಕಾಗೋ ನಗರದ ಹಲ್ ಹೌಸ್ ಎಂಬ ಸೇವಾಸಂಸ್ಥೆಯಲ್ಲಿ ನೀವಾ ಬಾಯ್ಡ್ ಎಂಬಾಕೆಯಿಂದ ಮಕ್ಕಳ ಆಟಗಳ ಮಹತ್ವವನ್ನರಿತ ವಯೊಲಾ ಸ್ಪೋಲಿನ್, ವಲಸೆಗಾರರ ಮಕ್ಕಳೊಡನೆ ಕೆಲಸ ಮಾಡುತ್ತ ಅಭಿನಯವನ್ನು ಆಟಗಳ ಮೂಲಕ ಕಲಿಸುವ ಕ್ರಮವನ್ನು ರೂಪಿಸಿದರು. ಆ ಆಟಗಳ ಗ್ರಂಥವು ೧೯೬೩ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲೇ, ೧೯೫೯ರಲ್ಲಿ, ಅವರ ಮಗ ಪಾಲ್ ಸಿಲ್ಸ್ ಮತ್ತು ಸಂಗಡಿಗರು ಷಿಕಾಗೋದಲ್ಲಿ ‘ಸೆಕೆಂಡ್ ಸಿಟಿ’ ಎಂಬ ಹಾಸ್ಯರಂಗವನ್ನು ತೆರೆದಿದ್ದರು. ಈ ಪಂಥದವರು ಹಾಡಿ ಹೊಗಳುವ ಸೂತ್ರವೆಂದರೆ, ಎದುರಿನವನು ಕೊಟ್ಟದ್ದಕ್ಕೆ ಹೌದೆನ್ನು, ಅದರ ಮೇಲೆ ಇನ್ನೊಂದನ್ನು ಸೇರಿಸು ಎಂಬುದು. ಇಟಲಿಯಲ್ಲಿ ಹದಿನಾರನೆಯ ಶತಮಾನದಿಂದ ನಡೆದುಬಂದ ಕಾಮೆಡಿಯಾ ದೆಲ್ಲಾರ್ತೆ ಎಂಬ ನಾಟಕಪ್ರಕಾರದ ನಟರು ಇನ್ನೊಂದು ಗುಟ್ಟನ್ನು ಬಲ್ಲವರಾಗಿದ್ದರು. ಅವರಿಗೆ ಪೂರ್ಣ ಪ್ರತಿ ಇರಲಿಲ್ಲ, ಕಥೆಯ ಸಂಕ್ಷೇಪ ಮಾತ್ರ. ಆದರೆ ಸಂದರ್ಭಕ್ಕೆ ಒದಗುವ ಮಾತುಗಳನ್ನೂ ಗಾದೆಗಳನ್ನೂ ಶಪಥಗಳನ್ನೂ ತಮ್ಮ ಪಾತ್ರಕ್ಕೆ ತಕ್ಕಂತೆ ಪುಸ್ತಕಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಸಭೆಗೆ ಆಗಷ್ಟೇ ಹುಟ್ಟಿದಂತೆ ಕಂಡದ್ದು ಎಷ್ಟೋ ವೇಳೆ ವರ್ಷಗಳ ಹಿಂದೆ ಕೂಡಿಟ್ಟ ಧಾನ್ಯ.

ಕೂಡಿಡುವ ಈ ಕೆಲಸಕ್ಕೆ ಬಳ್ಳಾರಿಯ ಸಮೀಪದಲ್ಲಿಯೇ ಒಂದು ನಿದರ್ಶನವಿದೆ. ಹರಪನಹಳ್ಳಿಯಲ್ಲಿ ೧೯೧೩ರಲ್ಲಿ ಜನಿಸಿದ ರಾಯಸಂ ಭೀಮಸೇನರಾಯರು ಬೀಚಿ ಎಂಬ ಹೆಸರಿನಿಂದ ಕನ್ನಡಕ್ಕೆ ನಗೆಯ ಭಂಡಾರವನ್ನೇ ಕೊಟ್ಟು ೧೯೮೦ರಲ್ಲಿ ತೀರಿಕೊಂಡರು. ಕಾವ್ಯನಾಮದಲ್ಲಿಯೂ ಅರ್ಧವನ್ನು ಕನ್ನಡಕ್ಕೂ ಅರ್ಧವನ್ನು ಇಂಗ್ಲಿಷ್ ಲಿಪಿಗೂ ಹಂಚಿದ ವಿನೋದ ಅವರದು. ಅ.ನ.ಕೃ. ಅವರ ‘ಸಂಧ್ಯಾರಾಗ’ವನ್ನು ಓದಿದ ಮೇಲೆ ಕನ್ನಡದತ್ತ ತಿರುಗಿದವರು ಅವರೆಂಬುದು ಪ್ರಸಿದ್ಧ. ನದಿಯಾಚೆಯ ಗಂಗಾವತಿಯ ಪ್ರಾಣೇಶರು ಬೀಚಿಯವರ ಬರೆಹವನ್ನೇ ಮೂಲಧನವಾಗಿ ಮಾಡಿಕೊಂಡು ವೇದಿಕೆಯ ಹಾಸ್ಯದಲ್ಲಿ ಹೆಸರಾದರು. ತಿಂಮನ ಮಾತನ್ನು ಹೇಳಿ ಹೇಳಿ, ಯಾವ ಊರಿನಲ್ಲಿ ಎಲ್ಲಿ ನಿಲ್ಲಿಸಬೇಕು, ಎಲ್ಲಿ ತಮ್ಮದೊಂದನ್ನು ಸೇರಿಸಬೇಕು ಎಂಬುದನ್ನು ಸಭೆಯಿಂದಲೇ ಕಲಿಯುವ ದಾರಿ ಅದು. ಕಂಠಪಾಠವು ಸ್ಫೂರ್ತಿಗೆ ಶತ್ರುವೆಂಬ ಆಧುನಿಕ ನಂಬಿಕೆ ಅವಿಚಾರಿತವಾದುದು. ಪರರ ಮಾತನ್ನು ಒಪ್ಪಿಸಿ ಅಲ್ಲಿಗೇ ನಿಂತುಬಿಡುವುದು ಮಾತ್ರ ದೋಷ.

ಸಂಗ್ರಹವಿದ್ದರೂ ಸಾಲದು, ಕಿವಿ ತೆರೆದಿರಬೇಕು. ತೊಗಲುಗೊಂಬೆಯಾಟದವನ ಸ್ಥಿತಿಯನ್ನು ನೆನೆದರೆ ಇದು ಮನವರಿಕೆಯಾಗುತ್ತದೆ. ಅವನು ಪರದೆಯ ಹಿಂದೆ ದೀಪದ ಬಳಿ ಕುಳಿತಿರುತ್ತಾನೆ. ನೋಡುವವರ ಮುಖ ಅವನಿಗೆ ಕಾಣದು. ರಾಮಾಯಣದ ನಡುವೆ ಕಿಳ್ಳೇಕ್ಯಾತ ಬಂಗಾರಕ್ಕರ ಗೊಂಬೆಗಳನ್ನು ಕುಣಿಸಿ ಊರಿನ ಸುದ್ದಿಯನ್ನೆತ್ತಿ ನಗಿಸುವಾಗ ಎಷ್ಟು ಜನ ನಕ್ಕರು, ಯಾವ ಮೂಲೆ ಸುಮ್ಮನಿತ್ತು, ನಗೆಯಲ್ಲಿ ಹೆಂಗಸರ ಧ್ವನಿ ಇತ್ತೇ ಇಲ್ಲವೇ ಎಂಬುದೆಲ್ಲ ಅವನಿಗೆ ಕಿವಿಯಿಂದಲೇ ತಿಳಿಯಬೇಕು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಈ ಕಲೆಯನ್ನು ಪೌರಾಣಿಕ ಕಥೆಗಳಿಂದ ಗಾಂಧೀಜಿಯವರ ಚರಿತ್ರೆ, ಸ್ವಾತಂತ್ರ್ಯಸಂಗ್ರಾಮಗಳವರೆಗೂ ವಿಸ್ತರಿಸಿದವರು. ನಾಟಕರಂಗದ ಅನುಭವವನ್ನು ಗೊಂಬೆಗಳಿಗೆ ಧಾರೆಯೆರೆದವರು. ೨೦೨೩ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ಅವರು ಅಗಲಿದುದು ಈ ಸೀಮೆಗೆ ತುಂಬಲಾರದ ನಷ್ಟ.

ಸ್ತ್ರೀಯರಲ್ಲಿ ಆಶುಹಾಸ್ಯ ಕಡಮೆಯೆಂಬ ಮಾತಿಗೂ ಬುಡವಿಲ್ಲ. ಮದುವೆಯ ಮನೆಯಲ್ಲಿ ಗಂಡನ ಹೆಸರನ್ನು ಒಡಪಿನಲ್ಲಿ ಅಡಗಿಸಿ ಹೇಳೆಂದು ಬಾಗಿಲಲ್ಲಿ ತಡೆದಾಗ ನಿಂತ ನಿಲುವಿನಲ್ಲಿ ಪ್ರಾಸ ಕೂಡಿಸಿ ಒಳಗೆ ನಡೆದವರು, ಬೀಗರ ಹಾಡಿನಲ್ಲಿ ಎದುರು ಪಕ್ಷದವರ ಜಿಪುಣತನವನ್ನು ಅವರ ಮುಂದೆಯೇ ಹಾಡಿ ಅವರನ್ನೂ ನಗಿಸಿದವರು ಉತ್ತರ ಕರ್ನಾಟಕದ ಹೆಣ್ಣುಮಕ್ಕಳೇ. ಅವರಿಗೆ ಅಂಗಳವಿತ್ತು, ವೇದಿಕೆ ಇರಲಿಲ್ಲ. ಸುಧಾ ಬರಗೂರು ಅವರಂಥವರು ಹಾಸ್ಯದ ವೇದಿಕೆಯಲ್ಲಿ ಈಗ ಸುಪರಿಚಿತರು. ಕುರುಗೋಡು ಬಳಿಯ ಕಲ್ಲುಕಂಬದಲ್ಲಿ ಜನಿಸಿದ ಮಂಜಮ್ಮ ಜೋಗತಿಯವರ ಕಲಿಕೆ ಇನ್ನೊಂದು ಬಗೆಯದು. ಕಾಳವ್ವ ಜೋಗತಿಯವರ ಬೆನ್ನುಹತ್ತಿ ಊರೂರು ತಿರುಗಿ, ಜೋಗತಿ ನೃತ್ಯವನ್ನೂ ಯಲ್ಲಮ್ಮನ ಕಥೆಯ ಆಟವನ್ನೂ ರಂಗದಲ್ಲಿ ನಿಂತೇ ಅವರು ಕಲಿತರು. ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ೨೦೨೧ರಲ್ಲಿ ಪದ್ಮಶ್ರೀಯನ್ನು ಪಡೆದ ಅವರಿಗೆ ಪಾಠಶಾಲೆಯೆಂದರೆ ಗುರುವಿನ ಸಂಗಡದ ನಡಿಗೆಯೇ.

ಪಂಡಿತರ ವಲಯದಲ್ಲಿ ಈ ಅಭ್ಯಾಸಕ್ಕೆ ಅತ್ಯಂತ ಕಠಿಣವಾದ ಗರಡಿಯೆಂದರೆ ಅಷ್ಟಾವಧಾನ. ಅವಧಾನಿಯು ನಿಷೇಧಾಕ್ಷರಿ, ಸಮಸ್ಯಾಪೂರಣ, ದತ್ತಪದಿ ಮೊದಲಾದವುಗಳಲ್ಲಿ ಏಕಕಾಲಕ್ಕೆ ಪದ್ಯರಚನೆ ಮಾಡುತ್ತಿರುವಾಗ ಅವನ ಏಕಾಗ್ರತೆಯನ್ನು ಕೆಡಿಸುವುದಕ್ಕೆಂದೇ ಒಬ್ಬ ಪೃಚ್ಛಕನನ್ನು ಕೂಡಿಸಿರುತ್ತಾರೆ. ಅಪ್ರಸ್ತುತಪ್ರಸಂಗವೆಂದು ಅದರ ಹೆಸರು. ಮೂರನೆಯ ಪಾದದ ಅಕ್ಷರವನ್ನು ತೂಗುತ್ತಿರುವವನನ್ನು ತಡೆದು, ಸ್ವಾಮೀ, ಹೆಂಡತಿ ಒಗ್ಗರಣೆ ಸೀಯಿಸಿದರೆ ಯಾವ ಛಂದಸ್ಸಿನಲ್ಲಿ ಬಯ್ಯಬೇಕು ಎಂದು ಕೇಳುತ್ತಾನೆ. ಅವಧಾನಿ ಸಿಟ್ಟಾಗಕೂಡದು, ಮೌನವಾಗಿರಕೂಡದು. ಸಭೆ ನಗುವಂಥ ಉತ್ತರವನ್ನಿತ್ತು, ನಿಲ್ಲಿಸಿದ ಅಕ್ಷರದಿಂದಲೇ ಪದ್ಯವನ್ನು ಮುಂದುವರಿಸಬೇಕು. ಕನ್ನಡದಲ್ಲಿ ಈ ಕಲೆಗೆ ಮರುಹುಟ್ಟು ಕೊಟ್ಟ ಶತಾವಧಾನಿ ಆರ್. ಗಣೇಶರ ಸಭೆಗಳಲ್ಲಿ ಪದ್ಯ ತಿಳಿಯದವರೂ ಕದಲದೆ ಕುಳಿತಿರುವುದಕ್ಕೆ ಅಪ್ರಸ್ತುತಪ್ರಸಂಗವೇ ಎಷ್ಟೋ ವೇಳೆ ಕಾರಣ. ಹಾಸ್ಯಸಂಜೆಯಲ್ಲಿ ಹಿಂದಿನಿಂದ ಕೂಗುವವನನ್ನು ಹಗೆಯೆಂದು ತಿಳಿಯುವ ಹೊಸಬನು ಒಮ್ಮೆ ಅವಧಾನವನ್ನು ನೋಡಬೇಕು. ಅಲ್ಲಿ ಕೂಗುವವನಿಗೆ ಆಹ್ವಾನಪತ್ರಿಕೆ ಕೊಟ್ಟು ಕರೆದು, ಕುರ್ಚಿ ಹಾಕಿ ಕೂಡಿಸುತ್ತಾರೆ.

ಯಾವುದನ್ನು ನಗಬೇಕು, ಯಾರನ್ನು ನಗಬಾರದು ಎಂಬ ವಿವೇಕವೂ ಅಭ್ಯಾಸದ ಭಾಗವೇ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಜಲಾಶಯದ ೧೯ನೆಯ ಗೇಟು ಕೊಚ್ಚಿಹೋಯಿತು. ಆ ಕಾಲುವೆಯ ನೀರನ್ನೇ ನಂಬಿ ಬತ್ತ ಬೆಳೆಯುವ ಸಿರುಗುಪ್ಪದಲ್ಲಿ ಅಂಥ ವಾರದಲ್ಲಿ ಒಬ್ಬನು ವೇದಿಕೆಯನ್ನೇರಿದನೆಂದು ಭಾವಿಸೋಣ. ಗೇಟಿನ ಸುದ್ದಿಯನ್ನು ಅವನು ಬಿಡುವಂತಿಲ್ಲ. ಸಭೆಯಲ್ಲಿ ಕುಳಿತ ಪ್ರತಿಯೊಬ್ಬರ ಮನಸ್ಸಿನಲ್ಲಿಯೂ ಅದೇ ಇದೆ. ಪೋಲಾಗಿ ಹರಿಯುವ ನೀರನ್ನು ನೋಡಿ ನಿಂತ ರೈತನನ್ನು ನಗೆಪಾಟಲು ಮಾಡಿದರೆ ಜನರು ಎದ್ದುಹೋಗುತ್ತಾರೆ, ಹೋಗಲೂ ಬೇಕು. ಸರಪಣಿಯ ತುಕ್ಕನ್ನೂ ಹೊಣೆಯನ್ನು ಒಬ್ಬರ ತಲೆಯಿಂದೊಬ್ಬರ ತಲೆಗೆ ದಾಟಿಸುವವರ ಚಾತುರ್ಯವನ್ನೂ ಹಿಡಿದರೆ ಅದೇ ರೈತನು ಎಲ್ಲರಿಗಿಂತ ಮೊದಲು ನಗುತ್ತಾನೆ. ‘ಲಂಚಾವತಾರ’ದ ಮಾಸ್ಟರ್ ಹಿರಣ್ಣಯ್ಯನವರ ದಾರಿ ಇದು. ೨೦೧೯ರಲ್ಲಿ ನಿಧನರಾದ ಆ ನಟರು ದಿನದಿನದ ವಾರ್ತೆಯನ್ನು ಅದೇ ರಾತ್ರಿ ನಾಟಕದೊಳಕ್ಕೆ ತರುತ್ತಿದ್ದರು. ಅಧಿಕಾರದಲ್ಲಿದ್ದವರ ಸಿಟ್ಟಿಗೂ ಗುರಿಯಾದರು. ಹಾಸ್ಯವನ್ನು ಸ್ಮಿತದಿಂದ ಅತಿಹಸಿತದವರೆಗೆ ಆರು ತೆರನಾಗಿ ವಿಂಗಡಿಸಿದ ಭರತನು ನಗುವವನ ಮಟ್ಟವನ್ನು ಹೇಳಿದನು. ನಗಿಸುವವನ ಮಟ್ಟವು ಅವನು ಆರಿಸಿಕೊಂಡ ಗುರಿಯಿಂದ ತಿಳಿಯುತ್ತದೆ.

ಸಾರಥಿಯನ್ನು ತಯಾರು ಮಾಡುತ್ತಿದ್ದ ತಾಲೀಮು ಈಗ ಮೊದಲಿನಂತಿಲ್ಲ. ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ರಾತ್ರಿ ಗುಡಿಯ ಮುಂದೆ ನಡೆಯುತ್ತಿದ್ದ ಕಲಿಕೆಯಲ್ಲಿ, ಪಾತ್ರವಿಲ್ಲದ ಹುಡುಗರೂ ಕುಳಿತು ಎಲ್ಲರ ಮಾತನ್ನೂ ಬಾಯಿಪಾಠ ಮಾಡುತ್ತಿದ್ದರು. ಎಲ್ಲರ ಮಾತೂ ಬಂದವನೇ ಸಾರಥಿಗೆ ಯೋಗ್ಯ. ಯಾರಾದರೂ ಮಾತು ಮರೆತು ನಿಂತಾಗ ಪ್ರಶ್ನೆಯ ನೆಪದಲ್ಲಿ ಅದನ್ನು ನೆನಪಿಗೆ ತಂದುಕೊಟ್ಟು ಮಾನ ಕಾಯುವ ಹೊಣೆ ಅವನ ಮೇಲೆ ಬೀಳುವುದು ಸಹಜ. ಈ ತಾಲೀಮಿಗೆ ಬದಲಾಗಿ ಶಾಲೆಯಲ್ಲಿ ಏನನ್ನಾದರೂ ಮಾಡಬಹುದಾದರೆ ಅದಕ್ಕೆ ಹೆಚ್ಚಿನ ಸಾಮಗ್ರಿ ಬೇಡ. ವಾರಕ್ಕೊಂದು ಅವಧಿಯಲ್ಲಿ ಒಬ್ಬ ವಿದ್ಯಾರ್ಥಿ ಬಾಯಿಪಾಠವಾದ ಪದ್ಯವನ್ನೋ ಹದಿ­ಮೂರರ ಮಗ್ಗಿಯನ್ನೋ ಹೇಳುತ್ತಿರಲಿ. ಮತ್ತೊಬ್ಬ ನಡುನಡುವೆ ಅಪ್ರಸ್ತುತವಾಗಿ ಪ್ರಶ್ನಿಸಲಿ. ಮೊದಲ ವಾರಗಳಲ್ಲಿ ಉತ್ತರ ಸಪ್ಪೆಯಾಗಿರುತ್ತದೆ. ಚಿಂತೆಯಿಲ್ಲ, ನಿಂತಲ್ಲಿಂದ ಮುಂದುವರಿದರೆ ಸಾಕು. ಇಬ್ಬರು ಹುಡುಗಿಯರು ಅವಸ್ಯಂದಿತವನ್ನು ಆಡಲಿ, ಒಬ್ಬಳು ತೆಲುಗಿನ ಕಿವಿಯಿಂದ, ಇನ್ನೊಬ್ಬಳು ಕನ್ನಡದ ಬಾಯಿಯಿಂದ. ಎದುರಿನವರ ಕೊನೆಯ ಪದದಿಂದಲೇ ತನ್ನ ಮಾತನ್ನು ಆರಂಭಿಸಬೇಕೆಂದು ನಿಯಮ ಮಾಡಿದರೆ, ಕೇಳಿಸಿಕೊಳ್ಳದೆ ಯಾರೂ ಮುಂದೆ ಹೋಗಲಾರರು. ಮುದ್ರಾರಾಕ್ಷಸದ ಪ್ರಸ್ತಾವನೆಯಲ್ಲಿ ಸೂತ್ರಧಾರನು ಚಂದ್ರಗ್ರಹಣದ ಮಾತೆತ್ತಿದಾಗ ‘ಚಂದ್ರ’ ಎಂಬ ಶಬ್ದವನ್ನೇ ಹಿಡಿದು, ಚಂದ್ರಗುಪ್ತನ ಮೇಲೆ ಕೈಮಾಡುವವನಾರೆಂದು ಚಾಣಕ್ಯನು ರಂಗವನ್ನು ಪ್ರವೇಶಿಸಿದ್ದು ಇಂಥ ಕಿವಿಯಿಂದಲೇ.

ಮಾತಿನ ಚಪಲವಿರುವವರಿಗೆ ತಾಲೀಮಿನಲ್ಲಿ ಕಲಿಸುವುದಕ್ಕೆ ಅತಿ ಕಷ್ಟವಾದ ಪಾಠ ನಿಲ್ಲಿಸುವುದು. ಸಾರಥಿಯ ಮಾತಿಗೆ ನಗೆ ಎದ್ದಾಗ ಅದು ಪೂರ್ತಿ ಇಳಿಯುವವರೆಗೆ ಕಾದರೆ ಸಭೆ ತಣ್ಣಗಾಗುತ್ತದೆ. ಏಳುತ್ತಿರುವಾಗಲೇ ಬಾಯಿ ಹಾಕಿದರೆ ತನ್ನ ನಗೆಯನ್ನು ತಾನೇ ಕೊಂದಂತೆ. ಅಲೆಯ ತುದಿ ಮುರಿದು ಇಳಿಯತೊಡಗಿದ ಗಳಿಗೆಯಲ್ಲಿ ಅವನು ಪ್ರತಿಯಲ್ಲಿದ್ದ ಮಾತಿಗೆ ಹಿಂದಿರುಗಿ, ‘ಅದಿರಲಿ ಮಹಾರಾಜರೇ, ಬಂದ ಕಾರಣವೇನು’ ಎಂದು ಕೇಳಬೇಕು. ಆ ಪ್ರಶ್ನೆಗೆಂದೇ ಭಾಗವತನು ತಾಳವನ್ನು ಕೈಯಲ್ಲಿ ಹಿಡಿದು ಕಾದಿರುತ್ತಾನೆ. ರಾವಣನೂ ಮೀಸೆಯ ಮೇಲೆ ಕೈಯಿಟ್ಟಿರುತ್ತಾನೆ.